ಬಿಸಿಲು, ಧೂಳಿನ ಕಡೆ ಫೈಬರ್‌ಗ್ಲಾಸ್ ಮುಂಬಾಗಿಲು ಕೈಕೊಟ್ಟರೆ: ತೊಂದರೆ ಎಲ್ಲಿದೆ ಅಂತ ಹುಡುಕುವುದು ಹೇಗೆ

ಹೊಸ ಫೈಬರ್‌ಗ್ಲಾಸ್ ಮುಂಬಾಗಿಲು ಹಾಕಿಸಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ದೂರುಗಳು ಶುರುವಾಗುತ್ತವೆ. ಮಧ್ಯಾಹ್ನ ಬೀಗ ತಿರುಗುವುದಿಲ್ಲ. ಮೇಲಿನ ಮೂಲೆಯಲ್ಲಿ ಬೆಳಕು ಕಾಣುತ್ತದೆ. ಎಷ್ಟು ಗುಡಿಸಿದರೂ ಹೊಸ್ತಿಲ ಒಳಗೆ ಮತ್ತೆ ಧೂಳಿನ ಗೆರೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಅಂದರೆ ಬಡಗಿಯನ್ನು ಕರೆಸಿ ಅಂಚು ಕೆತ್ತಿಸುವುದು. ದಯವಿಟ್ಟು ಅದೊಂದನ್ನು ಮಾಡಬೇಡಿ. ಮರದ ಬಾಗಿಲಿಗೆ ತಲೆತಲಾಂತರದಿಂದ ನಡೆದುಬಂದ ಆ ಮದ್ದು ಈ ಬಾಗಿಲಿಗೆ ಹೆಚ್ಚಿನ ಸಲ ವಿಷ.

ಯಾಕೆ ಅಂತ ತಿಳಿಯಲು ಕದದೊಳಗೆ ಏನಿದೆ ಅನ್ನುವುದು ಗೊತ್ತಿರಬೇಕು. ಎರಡು ಬದಿಗೂ ಎರಡು-ಮೂರು ಮಿ.ಮೀ. ದಪ್ಪದ ಫೈಬರ್‌ಗ್ಲಾಸ್ ಹಾಳೆ. ನಡುವೆ ಪಾಲಿಯುರೆಥೇನ್ ಫೋಮ್. ಸುತ್ತ ಅಂಚಿಗೆ ಮರದ ಅಥವಾ ಕಾಂಪೋಸಿಟ್ ಪಟ್ಟಿ. ಬೀಗ ಕೂರುವ ಕಡೆ ಒಂದು ಗಟ್ಟಿ ಮರದ ತುಂಡು. ಒಟ್ಟು ದಪ್ಪ ಸಾಮಾನ್ಯವಾಗಿ 44 ಮಿ.ಮೀ. ಈ ಅಂಚಿನ ಪಟ್ಟಿಯೇ ಕದಕ್ಕೆ ಬಲ. ಅದನ್ನು ಕೆತ್ತಿದರೆ ಹಾಳೆ ಬಿಟ್ಟುಕೊಳ್ಳಲು ದಾರಿ ಮಾಡಿಕೊಟ್ಟಂತೆ. ವಾರಂಟಿಯೂ ಹೋಗುತ್ತದೆ.

ಮೊದಲು ಗಡಿಯಾರ, ಆಮೇಲೆ ಸ್ಕ್ರೂಡ್ರೈವರ್

ಒಂದು ದಿನ ಬಾಗಿಲನ್ನು ಮುಟ್ಟದೆ ಸುಮ್ನೆ ಗಮನಿಸಿ. ಬೆಳಗಿನ ತಂಪಿನಲ್ಲಿ ಒಮ್ಮೆ, ಬಾಗಿಲ ಮೇಲೆ ನೇರ ಬಿಸಿಲು ಬೀಳುವ ಹೊತ್ತಿಗೆ ಒಮ್ಮೆ, ರಾತ್ರಿ ಒಮ್ಮೆ. ಮೂರೂ ಸಲ ಸುತ್ತಲಿನ ಸಂದನ್ನು ಅಳೆದು ಬರೆದಿಡಿ. ಅಳೆಯಲು ದೊಡ್ಡ ಉಪಕರಣ ಬೇಡ. 3 ಮಿ.ಮೀ. ಡ್ರಿಲ್ ಬಿಟ್‌ನ ಹಿಂಬದಿಯನ್ನು ಸಂದಿನೊಳಗೆ ತೂರಿಸಿ ನೋಡಿದರೆ ಸಾಕು. ಮೇಲೆ ಮತ್ತು ಎರಡು ಪಕ್ಕದಲ್ಲಿ ಅದು ಸಲೀಸಾಗಿ ಹೋಗಬೇಕು, ಆದರೆ ಸಡಿಲವಾಗಿ ಆಡಬಾರದು. ಎಲ್ಲಿ ಹೋಗುವುದಿಲ್ಲವೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ, ಪಕ್ಕದಲ್ಲಿ ಸಮಯ ಬರೆಯಿರಿ.

ಈ ಚೀಟಿಯೇ ಅರ್ಧ ಕೆಲಸ ಮುಗಿಸುತ್ತದೆ. ಬಿಸಿಲೇರಿದಾಗ ಬಂದು ರಾತ್ರಿ ತಾನಾಗಿ ಹೋಗುವ ತೊಂದರೆ ಬಿಸಿಲಿನದು. ಮೂರು ಹೊತ್ತೂ ಒಂದೇ ತರ ಇರುವುದು ಫಿಟ್ಟಿಂಗ್‌ನದು. ದಿನಕ್ಕಿಂತ ದಿನಕ್ಕೆ ನಿಧಾನವಾಗಿ ಜಾಸ್ತಿಯಾಗುತ್ತ ಹೋಗುವುದು ಬಹುತೇಕ ಧೂಳಿನದು, ಇಲ್ಲವೇ ಸಡಿಲವಾಗುತ್ತಿರುವ ಸ್ಕ್ರೂನದು. ಎರಡು ಕಾರಣ ಒಟ್ಟಿಗೆ ಇರುವುದೂ ಉಂಟು. ಬೆಳಗ್ಗೆಯೂ ಒಂಚೂರು ಹಿಡಿಯುತ್ತಿದ್ದ ಬಾಗಿಲು ಮಧ್ಯಾಹ್ನ ಪೂರ್ತಿ ಕಚ್ಚಿಕೊಂಡರೆ, ಮೊದಲು ಫಿಟ್ಟಿಂಗ್ ಸರಿಮಾಡಿ. ಬಿಸಿಲಿನ ವಿಚಾರ ಆಮೇಲೆ.

ಮಧ್ಯಾಹ್ನ ಮಾತ್ರ ತೊಂದರೆ ಕೊಡುವ ಬಾಗಿಲು

ಹೊರಗಿನ ಹಾಳೆಗೆ ನೇರ ಬಿಸಿಲು, ಒಳಗಿನ ಹಾಳೆಗೆ ಫ್ಯಾನ್ ಅಥವಾ ಎಸಿ ತಂಪು. ನಡುವೆ ಇರುವ ಫೋಮ್ ಶಾಖವನ್ನು ದಾಟಲು ಬಿಡುವುದಿಲ್ಲ, ಅದರ ಕೆಲಸವೇ ಅದು. ಹಾಗಾಗಿ ಎರಡು ಮುಖಗಳ ನಡುವೆ ಶಾಖದ ವ್ಯತ್ಯಾಸ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ದೊಡ್ಡ ವಿಷಯವೇನಲ್ಲ. ಕಡು ಬಣ್ಣದ ಬಾಗಿಲು ಪಡುವಣ ಬಿಸಿಲಿಗೆ ಮುಖ ಮಾಡಿದ್ದರೆ ಹೊರಮೈ 70 ಡಿಗ್ರಿ ದಾಟಬಹುದು, ಅಂಗೈ ಇಟ್ಟು ಹಿಡಿಯಲು ಆಗುವುದಿಲ್ಲ. ಎರಡು ಮೀಟರ್ ಎತ್ತರದ ಹಾಳೆ ಇಷ್ಟು ವ್ಯತ್ಯಾಸಕ್ಕೆ ಸುಮಾರು ಒಂದೂವರೆ ಮಿ.ಮೀ. ಉದ್ದವಾಗಲು ನೋಡುತ್ತದೆ. ಒಳಗಿನ ಹಾಳೆ ಇದ್ದ ಹಾಗೇ ಇರುತ್ತದೆ. ಒಂದೇ ಬದಿ ಒಣಗಿದ ಹಲಗೆ ಬಾಗುವ ಹಾಗೆ ಕದವೂ ಬಾಗುತ್ತದೆ, ಹೊಟ್ಟೆ ಹೊರಕ್ಕೆ, ಮೇಲಿನ ಕೆಳಗಿನ ಮೂಲೆಗಳು ಒಳಕ್ಕೆ. ಒಂದೂವರೆ ಮಿ.ಮೀ. ಉದ್ದದ ವ್ಯತ್ಯಾಸ ಬಾಗಿನಲ್ಲಿ ಅದರ ಎಷ್ಟೋ ಪಟ್ಟು ಕಾಣಿಸುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದು.

ಹಿಂಜ್ ಇರುವ ಕಡೆ ಮೂರು ಹಿಂಜ್‌ಗಳು ಹಿಡಿದಿರುತ್ತವೆ, ಆ ಅಂಚು ಅಲ್ಲಾಡಲು ಆಗುವುದಿಲ್ಲ. ಬೀಗದ ಕಡೆ ಹಿಡಿತ ನಡುವೆ ಮಾತ್ರ. ಹಾಗಾಗಿ ಲಕ್ಷಣ ಯಾವಾಗಲೂ ಬೀಗದ ಅಂಚಿನ ಎರಡು ಮೂಲೆಗಳಲ್ಲೇ. ಒಳಕ್ಕೆ ತೆರೆಯುವ ಬಾಗಿಲಾದರೆ ಆ ಮೂಲೆಗಳು ಸಂದು ಮುಚ್ಚಲು ಚೌಕಟ್ಟಿಗೆ ಹಾಕಿದ ಗ್ಯಾಸ್ಕೆಟ್ ರಬ್ಬರ್ ಬಿಟ್ಟು ಒಳಗೆ ಸರಿಯುತ್ತವೆ. ಬೆಳಕು ಕಾಣುತ್ತದೆ, ಬಿಸಿಗಾಳಿ ನುಗ್ಗುತ್ತದೆ. ಹೊರಕ್ಕೆ ತೆರೆಯುವ ಬಾಗಿಲಾದರೆ ಅದೇ ಮೂಲೆಗಳು ಚೌಕಟ್ಟಿನ ತಡೆಪಟ್ಟಿಗೆ ಒತ್ತಿಕೊಳ್ಳುತ್ತವೆ. ನಡುವೆ ಲ್ಯಾಚ್ (ಬೀಗದ ನಾಲಿಗೆ) ಮೇಲೆ ಎಳೆತ ಬೀಳುತ್ತದೆ, ಬೀಗ ಬಿಗಿಯಾಗುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಕದದ ಒಳಮೈಯಲ್ಲಿ, ಬೀಗದ ಅಂಚಿನ ಹತ್ತಿರ, ಮೇಲಿನ ತುದಿಯಿಂದ ಕೆಳಗಿನ ತುದಿವರೆಗೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ನಡುವೆ ದಾರಕ್ಕೂ ಕದಕ್ಕೂ ಎಷ್ಟು ಅಂತರ ಅಂತ ಅಳೆಯಿರಿ. ಬೆಳಗ್ಗೆ ಸೊನ್ನೆ, ಮಧ್ಯಾಹ್ನ ನಾಲ್ಕೈದು ಮಿ.ಮೀ., ರಾತ್ರಿ ಮತ್ತೆ ಸೊನ್ನೆ ಬಂದರೆ ಕದ ಕೆಟ್ಟಿಲ್ಲ. ಬಿಸಿಲಿಗೆ ಬಾಗಿ ಮತ್ತೆ ನೆಟ್ಟಗಾಗುತ್ತಿದೆ, ಅಷ್ಟೇ. ರಾತ್ರಿಯೂ ಬಾಗು ಉಳಿದರೆ ಮಾತ್ರ ಚಿಂತೆ. ಹೆಚ್ಚಿನ ತಯಾರಕರು 6 ಮಿ.ಮೀ. ದಾಟಿದ ಬಾಗನ್ನು ದೋಷ ಅಂತ ಒಪ್ಪುತ್ತಾರೆ, ಅದಕ್ಕಿಂತ ಕಡಿಮೆಗೆ ತಲೆ ಆಡಿಸುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಮಧ್ಯಾಹ್ನ ಬೀಗ ಹತ್ತುತ್ತಿಲ್ಲ ಅಂತ ಮಧ್ಯಾಹ್ನವೇ ಸ್ಟ್ರೈಕ್ ಪ್ಲೇಟ್ (ಲ್ಯಾಚ್ ಕೂರಲು ಚೌಕಟ್ಟಿಗೆ ಹಾಕಿದ ತೂತಿನ ತಗಡು) ಬಿಚ್ಚಿ ಸರಿಸುತ್ತಾರೆ. ಆಗ ಹೊಂದುತ್ತದೆ. ಮರುದಿನ ಬೆಳಗ್ಗೆ ಕದ ನೆಟ್ಟಗಾಗಿರುತ್ತದೆ, ಬಾಗಿಲು ಗಡಗಡ ಅನ್ನುತ್ತದೆ ಅಥವಾ ಮುಚ್ಚುವುದೇ ಇಲ್ಲ. ಹೊಂದಿಸುವ ಕೆಲಸ ಯಾವಾಗಲೂ ಬೆಳಗಿನ ತಂಪಿನಲ್ಲಿ. ಮಧ್ಯಾಹ್ನ ಬರೀ ಪರೀಕ್ಷೆ.

ಪರಿಹಾರಕ್ಕೆ ನನ್ನ ಕ್ರಮ ಇದು. ಮೊದಲನೆಯದು ನೆರಳು. ಬಾಗಿಲ ಮೇಲಿನ ಚಾಚು ಎಷ್ಟಿರಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಹೊಸ್ತಿಲಿನಿಂದ ಚಾಚಿನ ಕೆಳಮೈವರೆಗೆ ಎಷ್ಟು ಎತ್ತರವೋ ಅದರ ಅರ್ಧದಷ್ಟಾದರೂ ಚಾಚು ಮುಂದೆ ಬಂದಿರಬೇಕು. ಪಡುವಣಕ್ಕೆ ಮುಖ ಮಾಡಿದ್ದರೆ ಇಳಿಬಿಸಿಲು ಅಡ್ಡಡ್ಡ ಬರುತ್ತದೆ, ಅಲ್ಲಿ ಅಷ್ಟೂ ಸಾಲದು. ಎದುರಿಗೆ ಒಂದು ಜಾಲಂದ್ರ, ಪರದೆ ಅಥವಾ ಗಿಡ ಬೇಕಾಗುತ್ತದೆ. ಎರಡನೆಯದು ಬಣ್ಣ. ಕಡು ಕಂದು, ಕಪ್ಪು, ಕಡು ನೀಲಿ ಇದ್ದರೆ ತಿಳಿ ಬಣ್ಣಕ್ಕೆ ಬದಲಿಸಿ. ಪೇಂಟ್ ಡಬ್ಬಿಯ ಶೇಡ್ ಕಾರ್ಡ್‌ನಲ್ಲಿ ಬೆಳಕನ್ನು ಎಷ್ಟು ವಾಪಸ್ ಕಳಿಸುತ್ತದೆ ಅನ್ನುವ ಎಲ್‌ಆರ್‌ವಿ ಅಂಕಿ 0ಯಿಂದ 100ರ ನಡುವೆ ಕೊಟ್ಟಿರುತ್ತಾರೆ. ಅಂಕಿ ದೊಡ್ಡದಿದ್ದಷ್ಟೂ ಬಾಗಿಲಿಗೆ ತಂಪು. ಮೂರನೆಯದು ಹಿಡಿತ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಒಟ್ಟಿಗೆ ಬೀಳುವ ಮಲ್ಟಿಪಾಯಿಂಟ್ ಲಾಕ್ ಇದ್ದರೆ ಮೂಲೆಗಳು ಒಳಕ್ಕೆ ಸರಿಯಲು ಬಿಡುವುದಿಲ್ಲ. ಇದು ದುಬಾರಿ, ಕದದಲ್ಲಿ ಜಾಗವೂ ಬೇಕು, ಹಾಗಾಗಿ ಹೊಸ ಬಾಗಿಲು ಆರಿಸುವಾಗಲೇ ಯೋಚಿಸಿದರೆ ವಾಸಿ. ಇದ್ಯಾವುದೂ ಆಗದಿದ್ದರೆ ಈಗಿನದಕ್ಕಿಂತ ಒಂದು ಅಳತೆ ದಪ್ಪದ ಫೋಮ್ ಗ್ಯಾಸ್ಕೆಟ್ ಹಾಕಿ. ಮೂಲೆ ಮೂರು ಮಿ.ಮೀ. ಸರಿದರೂ ರಬ್ಬರ್ ಹಿಗ್ಗಿ ಮುಟ್ಟುತ್ತಿರುತ್ತದೆ.

ಮುಂಬಾಗಿಲ ಹೊರಗೆ ಗಾಜಿನ ಇನ್ನೊಂದು ಬಾಗಿಲು ಇದ್ದರೆ ಅದನ್ನೇ ಮೊದಲು ಅನುಮಾನಿಸಿ. ಬಿಸಿಲು ಗಾಜು ದಾಟಿ ಒಳಗೆ ಬರುತ್ತದೆ, ಶಾಖ ಹೊರಗೆ ಹೋಗಲು ದಾರಿ ಇಲ್ಲ. ಎರಡು ಬಾಗಿಲ ನಡುವಿನ ಆ ಗಾಳಿ ಕಾದು ಕಾದು ಕದದ ಹೊರಮೈಯನ್ನೇ ಹಾಳು ಮಾಡುತ್ತದೆ. ಗಾಜು ತೆಗೆದು ಸೊಳ್ಳೆ ಜಾಲರಿ ಹಾಕಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಹಗಲು ರಾತ್ರಿ ಒಂದೇ ತರ ತೊಂದರೆ ಇದ್ದರೆ

ಬಿಸಿಲನ್ನು ಬೈಯುವುದು ಬಿಟ್ಟು ಚೌಕಟ್ಟಿನ ಕಡೆ ಬನ್ನಿ. ಇಲ್ಲಿ ಮೂರು ಸಾಮಾನ್ಯ ತಪ್ಪುಗಳಿವೆ, ಮೂರಕ್ಕೂ ಬೇರೆ ಬೇರೆ ಗುರುತು.

ಕದ ಜೋತು ಬಿದ್ದಿದ್ದರೆ ಸಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ಮೇಲಿನ ಹಿಂಜ್ ಹತ್ತಿರ ಪಕ್ಕದ ಸಂದು ಅಗಲವಾಗಿರುತ್ತದೆ. ಬೀಗದ ಕಡೆಯ ಮೇಲಿನ ಮೂಲೆ ಪಕ್ಕದ ಚೌಕಟ್ಟಿಗೆ ಉಜ್ಜುತ್ತದೆ. ಅದೇ ಕಡೆಯ ಕೆಳಗಿನ ಮೂಲೆ ಹೊಸ್ತಿಲಿಗೆ ತಾಗುತ್ತದೆ. ಲ್ಯಾಚ್ ಸ್ಟ್ರೈಕ್ ಪ್ಲೇಟ್‌ನ ತೂತಿಗಿಂತ ಕೆಳಗೆ ಕೂರುತ್ತದೆ, ಪ್ಲೇಟ್‌ನ ಕೆಳ ಅಂಚಿನಲ್ಲಿ ಹೊಳೆಯುವ ಗೀರು ಬಿದ್ದಿರುತ್ತದೆ. ಬಾಗಿಲನ್ನು ಅರ್ಧ ತೆರೆದು ಹಿಡಿಕೆ ಹಿಡಿದು ಮೇಲಕ್ಕೆ ಎತ್ತಿ. ಮೇಲಿನ ಹಿಂಜ್ ಎಲೆ ಚೌಕಟ್ಟಿನಿಂದ ಕೂದಲೆಳೆಯಷ್ಟು ಏಳುವುದು ಕಂಡರೆ ಕಾರಣ ಸಿಕ್ಕಿತು. ಹಿಂಜ್ ಜೊತೆ ಬರುವ ಗಿಡ್ಡ ಸ್ಕ್ರೂಗಳು ಚೌಕಟ್ಟನ್ನಷ್ಟೇ ಹಿಡಿಯುತ್ತವೆ. ಕದದ ಎಳೆತ ಹೆಚ್ಚಾಗಿ ಮೇಲಿನ ಹಿಂಜ್ ಮೇಲೆ. ಅಲ್ಲಿ ಒಂದಾದರೂ 75 ಮಿ.ಮೀ. ಉದ್ದದ ಸ್ಕ್ರೂ ಚೌಕಟ್ಟು ದಾಟಿ ಗೋಡೆಯನ್ನೇ ಹಿಡಿಯಬೇಕು. ಗೋಡೆ ಇಟ್ಟಿಗೆಯದೋ ಕಾಂಕ್ರೀಟಿನದೋ ಆದರೆ ಪ್ಲಗ್ (ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ) ಬೇಕು. ಪ್ಲಗ್ ಬರೀ ಗಾರೆಯಲ್ಲಿ ಕೂತರೆ ಪ್ರಯೋಜನ ಇಲ್ಲ. ಗಾರೆ ದಾಟಿ ಗಟ್ಟಿ ಇಟ್ಟಿಗೆಯೊಳಗೆ 40-50 ಮಿ.ಮೀ. ಹೋಗಿರಬೇಕು, ಹಾಗಾಗಿ ಗಾರೆ ದಪ್ಪ ಇದ್ದ ಕಡೆ ಇನ್ನೂ ಉದ್ದದ ಸ್ಕ್ರೂ ಹಿಡಿಸುತ್ತದೆ. ತೂತು ಕೊರೆದ ಮೇಲೆ ಒಳಗಿನ ಪುಡಿಯನ್ನು ಊದಿ ತೆಗೆಯಿರಿ. ಪುಡಿ ತುಂಬಿದ ತೂತಿನಲ್ಲಿ ಪ್ಲಗ್ ಮೊದಲ ದಿನ ಹಿಡಿದ ಹಾಗೆ ಕಾಣುತ್ತದೆ, ಬಾಗಿಲು ನಾಲ್ಕು ಸಲ ಬಡಿದ ಮೇಲೆ ಸುತ್ತಲು ಶುರು ಮಾಡುತ್ತದೆ.

ಎರಡನೆಯದು ಚೌಕಟ್ಟಿನ ತಿರುಚು. ಕದ ಬೀಗದ ಕಡೆ ಮೇಲೆ ಗ್ಯಾಸ್ಕೆಟ್‌ಗೆ ಮುಟ್ಟುತ್ತದೆ, ಕೆಳಗೆ ಮುಟ್ಟುವುದಿಲ್ಲ, ಅಥವಾ ಅದರ ಉಲ್ಟಾ. ಮಧ್ಯಾಹ್ನದ ಬಾಗಿನಲ್ಲಿ ಎರಡೂ ಮೂಲೆ ಒಟ್ಟಿಗೆ ದೂರ ಹೋಗುತ್ತವೆ, ತಿರುಚಿನಲ್ಲಿ ಒಂದೇ ಮೂಲೆ. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಂಡರೆ ಎರಡನ್ನೂ ಗೊಂದಲ ಮಾಡಿಕೊಳ್ಳುವುದಿಲ್ಲ. ಪರೀಕ್ಷೆಗೆ ಎರಡು ದಾರ ಸಾಕು. ಬಾಗಿಲು ತೆರೆದು ಚೌಕಟ್ಟಿನ ಒಂದೇ ಮುಖದ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡವಾಗಿ ಎರಡು ದಾರ ಕಟ್ಟಿ. ನಡುವೆ ಅವು ಒಂದನ್ನೊಂದು ಸವರಿದ ಹಾಗೆ ಇರಬೇಕು. ಒಂದು ದಾರ ಇನ್ನೊಂದನ್ನು ಒತ್ತುತ್ತಿದ್ದರೆ ದಾರಗಳ ಮೇಲೆ ಕೆಳಗೆ ಅದಲು ಬದಲು ಮಾಡಿ, ಆಗ ಸಂದು ಕಾಣುತ್ತದೆ. ನಡುವೆ 3 ಮಿ.ಮೀ. ಸಂದು ಅಂದರೆ ಒಂದು ಮೂಲೆ 6 ಮಿ.ಮೀ. ಆಚೆ ಈಚೆ ಇದೆ ಅಂತ ಅರ್ಥ. ಇದಕ್ಕೆ ಗ್ಯಾಸ್ಕೆಟ್ ಬದಲಿಸುವುದು ಮದ್ದಲ್ಲ. ಆ ಮೂಲೆಯ ಸ್ಕ್ರೂ ಸಡಿಲಿಸಿ, ಚೌಕಟ್ಟನ್ನು ಒಳಕ್ಕೋ ಹೊರಕ್ಕೋ ಸರಿಸಿ, ಸಂದಿಗೆ ಮತ್ತೆ ಪ್ಯಾಕಿಂಗ್ ತುಂಡು ಕೊಟ್ಟು ಬಿಗಿಮಾಡಬೇಕು. ಬೇರೆ ದಾರಿ ಇಲ್ಲ.

ಮೂರನೆಯದು ಪಿಯು, ಅಂದರೆ ಪಾಲಿಯುರೆಥೇನ್ ಫೋಮ್. ಚೌಕಟ್ಟಿಗೂ ಗೋಡೆಗೂ ನಡುವೆ ಫೋಮ್ ಹೊಡೆಯುವಾಗ ಜಾಸ್ತಿ ಉಬ್ಬುವ ಜಾತಿಯದನ್ನು ತುಂಬಿಬಿಟ್ಟರೆ, ಅದು ಉಬ್ಬಿ ಚೌಕಟ್ಟಿನ ನಡುವನ್ನು ಒಳಕ್ಕೆ ತಳ್ಳುತ್ತದೆ. ಗುರುತು ಏನೆಂದರೆ ಮೇಲೆ ಕೆಳಗೆ ಸಂದು ಸರಿ ಇರುತ್ತದೆ, ನಡುವೆ ಮಾತ್ರ ಡ್ರಿಲ್ ಬಿಟ್ ಹೋಗುವುದಿಲ್ಲ. ಸಂದು ಮುಚ್ಚಿದ ಪಟ್ಟಿ ತೆಗೆದು ಚಾಕುವಿನಿಂದ ಫೋಮ್ ಕತ್ತರಿಸಿದ ಕೂಡಲೇ ಚೌಕಟ್ಟು ಹಿಂದಕ್ಕೆ ಹೋಗುವುದನ್ನು ಕಣ್ಣಾರೆ ನೋಡಬಹುದು. ಆಮೇಲೆ ಬಾಗಿಲು ಕಿಟಕಿಗೆಂದೇ ಬರುವ ಕಡಿಮೆ ಉಬ್ಬುವ ಫೋಮ್ ಹಾಕಿ, ಅದೂ ಕದ ಮುಚ್ಚಿ, ಸಂದಿನಲ್ಲಿ ಅಳತೆಯ ತುಂಡುಗಳನ್ನು ಸಿಕ್ಕಿಸಿ.

ಒಣ ಹವೆಯಲ್ಲಿ ಫೋಮ್‌ಗೆ ಇನ್ನೊಂದು ರೋಗ. ಡಬ್ಬಿಯ ಫೋಮ್ ಗಟ್ಟಿಯಾಗಲು ಗಾಳಿಯ ತೇವ ಬೇಕು. ತೇವವೇ ಇಲ್ಲದಿದ್ದರೆ ಹೊರಗೆ ಸಿಪ್ಪೆ ಕಟ್ಟಿ ಒಳಗೆ ಅಂಟಂಟಾಗಿ ಉಳಿಯುತ್ತದೆ ಅಥವಾ ಪುಡಿಪುಡಿಯಾಗುತ್ತದೆ. ಹೊಡೆಯುವ ಮೊದಲು ಸಂದಿನೊಳಗೆ ನೀರನ್ನು ಮಂಜಿನ ಹಾಗೆ ಸಿಂಪಡಿಸಿ. ಅದೇ ನೀರು ಅಲ್ಲಿನ ಧೂಳನ್ನೂ ಕೂರಿಸುತ್ತದೆ.

ಧೂಳು ಎಲ್ಲಿಂದ ಬರುತ್ತಿದೆ?

ಧೂಳಿಗೆ ಒಂದು ಒಳ್ಳೆಯ ಗುಣ ಇದೆ, ತಾನು ಬಂದ ದಾರಿಯನ್ನು ತಾನೇ ಬರೆದು ತೋರಿಸುತ್ತದೆ. ಹೊಸ್ತಿಲ ಒಳಗಿನ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಗಾಳಿ ಬೀಸುವ ಒಂದು ದಿನ ಅದರ ಮೇಲೆ ಓಡಾಡದೆ ಬಿಡಿ. ಸಂಜೆ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬೆಳಕು ಬಿಡಿ. ಮೂಲೆಯಿಂದ ಹೊರಟು ಅಗಲವಾಗುತ್ತ ಹೋದ ಪಟ್ಟೆ ಕಂಡರೆ ಸೋರಿಕೆ ಆ ಮೂಲೆಯಲ್ಲಿ. ಕದದ ಅಗಲಕ್ಕೂ ಒಂದೇ ಸಮನಾದ ಗೆರೆ ಇದ್ದರೆ ಕದದ ಕೆಳಂಚಿಗೆ ಹಾಕಿದ ಅಡಿಪಟ್ಟಿ ಹೊಸ್ತಿಲನ್ನು ಮುಟ್ಟುತ್ತಿಲ್ಲ. ಗೆರೆ ಹೊಸ್ತಿಲ ಪಟ್ಟಿಯ ಒಳ ಅಂಚಿನ ಬುಡದಿಂದಲೇ ಶುರುವಾಗಿದ್ದರೆ ಧೂಳು ಕದದ ಅಡಿಯಿಂದ ಬರುತ್ತಿಲ್ಲ, ಹೊಸ್ತಿಲ ಅಡಿಯಿಂದ ಬರುತ್ತಿದೆ. ಇದು ಬೇಗ ಹೊಳೆಯುವುದಿಲ್ಲ. ಜನ ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಹಾಕುತ್ತ ಹೋಗುತ್ತಾರೆ, ಧೂಳು ಕೆಳಗಿನಿಂದ ಆರಾಮಾಗಿ ಬರುತ್ತಿರುತ್ತದೆ.

ಮೂಲೆಯ ಸೋರಿಕೆಗೆ ಹೆಚ್ಚಿನ ಸಲ ಕಾರಣ ಒಂದು ಪುಟ್ಟ ಸಾಮಾನು. ಪಕ್ಕದ ಗ್ಯಾಸ್ಕೆಟ್ ಕೆಳಗೆ ಮುಗಿಯುವ ಜಾಗಕ್ಕೂ ಹೊಸ್ತಿಲಿಗೂ ನಡುವೆ ಒಂದು ಬೆಣೆಯಾಕಾರದ ಫೋಮ್ ತುಂಡು ಅಂಟಿಸಬೇಕು. ಅದು ಬಾಗಿಲ ಪೊಟ್ಟಣದಲ್ಲಿ ಸಣ್ಣ ಕವರ್‌ನೊಳಗೆ ಬರುತ್ತದೆ. ಫಿಟ್ಟಿಂಗ್ ಮಾಡುವವರು ಅದನ್ನು ಪ್ಯಾಕಿಂಗ್ ಕಸ ಅಂದುಕೊಂಡು ಎಸೆದುಬಿಡುತ್ತಾರೆ. ಕೆಳಗಿನ ಮೂಲೆಯಲ್ಲಿ ಬೆರಳು ಆಡಿಸಿ ನೋಡಿ, ಇಲ್ಲದಿದ್ದರೆ ತಂದು ಅಂಟಿಸಿ.

ಅಡಿಪಟ್ಟಿ ಮುಟ್ಟುತ್ತಿಲ್ಲ ಅಂದರೆ ಹೊಸ ಅಡಿಪಟ್ಟಿ ತರುವ ಮೊದಲು ಹೊಸ್ತಿಲನ್ನು ನೋಡಿ. ಹಲವು ಹೊಸ್ತಿಲುಗಳಲ್ಲಿ ಮೇಲಿನ ಪಟ್ಟಿಯನ್ನು ಏರಿಸಿ ಇಳಿಸುವ ಸ್ಕ್ರೂಗಳಿರುತ್ತವೆ. ಆ ಸ್ಕ್ರೂಗಳ ತಲೆ ಧೂಳು ಕೂತು ಮುಚ್ಚಿಹೋಗಿರುತ್ತದೆ, ಅದಕ್ಕೇ ಯಾರಿಗೂ ಕಾಣುವುದಿಲ್ಲ. ಒಂದು ಕಾಗದದ ಪಟ್ಟಿಯನ್ನು ಅಡಿಯಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಒಂಚೂರು ತಡೆದು ಬರಬೇಕು. ಸಲೀಸಾಗಿ ಬಂದರೆ ಆ ಜಾಗದ ಸ್ಕ್ರೂವನ್ನು ಕಾಲು ಸುತ್ತು ಏರಿಸಿ. ಹರಿದರೆ ಬಿಗಿ ಜಾಸ್ತಿಯಾಯಿತು, ಧೂಳಿನ ಜೊತೆ ಸೇರಿ ಅಡಿಪಟ್ಟಿಯನ್ನು ಮರಳು ಕಾಗದದಂತೆ ಉಜ್ಜಿ ತಿನ್ನುತ್ತದೆ. ಇದೇ ಕಾಗದದ ಪರೀಕ್ಷೆಯನ್ನು ಗೇಣಿಗೊಂದರಂತೆ ಸುತ್ತಲೂ ಮಾಡಿ.

ಹೊಸ್ತಿಲ ಅಡಿಯ ಸೋರಿಕೆಗೆ ಹೊರಗಿನಿಂದ ಸಿಲಿಕೋನ್ ಬಳಿಯುವುದು ತಾತ್ಕಾಲಿಕ. ನೆಲ ಸಮ ಇಲ್ಲದ ಕಡೆ ಹೊಸ್ತಿಲನ್ನು ಸುಮ್ನೆ ಕೂರಿಸಿ ಸ್ಕ್ರೂ ಹೊಡೆದಿದ್ದಾರೆ ಅಂತ ಅರ್ಥ. ಸರಿಯಾದ ಕೆಲಸ ಅಂದರೆ ಅಡಿಯಲ್ಲಿ ಸಮತಟ್ಟು ಮಾಡಿ, ಧೂಳು ಪೂರ್ತಿ ಒರೆಸಿ, ಉದ್ದಕ್ಕೆ ಎರಡು ಮೂರು ಸಾಲು ಸೀಲೆಂಟ್ (ಸಂದು ಮುಚ್ಚುವ ಅಂಟು) ಹಾಕಿ ಅದರ ಮೇಲೆ ಹೊಸ್ತಿಲು ಒತ್ತಿ ಕೂರಿಸುವುದು.

ಎಲ್ಲ ಗ್ಯಾಸ್ಕೆಟ್ ಸರಿ ಇದ್ದೂ ಧೂಳು ನುಗ್ಗುತ್ತಿದೆಯಾ? ಹಾಗಾದರೆ ಮನೆಯೇ ಅದನ್ನು ಒಳಕ್ಕೆ ಎಳೆಯುತ್ತಿದೆ. ಅಡುಗೆಮನೆ ಚಿಮಣಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತವೆ. ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಕಿಟಕಿಗಳೆಲ್ಲ ಮುಚ್ಚಿದ್ದರೆ ಮುಂಬಾಗಿಲ ಸಂದೇ ದಾರಿ. ಫ್ಯಾನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ, ಬಾಗಿಲ ಸಂದಿನ ಹತ್ತಿರ ತೆಳು ಟಿಶ್ಯೂ ಹಿಡಿದು ನೋಡಿ. ಫ್ಯಾನ್ ಹಾಕಿದಾಗ ಟಿಶ್ಯೂ ಒಳಕ್ಕೆ ಬಾಗಿದರೆ ಗಾಳಿ ಬೀಸದ ಕಡೆಯ ಒಂದು ಕಿಟಕಿಯನ್ನು ಜಾಲರಿ ಸಮೇತ ಸ್ವಲ್ಪ ತೆರೆದಿಡಿ. ಹೊರಗಾಳಿ ಎಳೆದುಕೊಂಡು ಒಳಗೆ ಊದುವ ನೀರಿನ ಕೂಲರ್ ಇದ್ದರೆ ಪರಿಣಾಮ ಉಲ್ಟಾ, ಗಾಳಿ ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ಧೂಳು ಕಡಿಮೆ.

ಗ್ಯಾಸ್ಕೆಟ್ ಬದಲಿಸುವುದೇ ಆದರೆ ಒಂದು ಎಚ್ಚರಿಕೆ. ಕಬ್ಬಿಣದ ಬಾಗಿಲಿಗೆ ಬರುವ ಮ್ಯಾಗ್ನೆಟ್ ಗ್ಯಾಸ್ಕೆಟ್ ತರಬೇಡಿ. ಫೈಬರ್‌ಗ್ಲಾಸ್‌ಗೆ ಅಯಸ್ಕಾಂತ ಹಿಡಿಯುವುದಿಲ್ಲ ಅಲ್ವಾ, ಅದು ಅಲ್ಲಿ ಬರೀ ಶೋಕಿ. ಹಳೆಯ ಗ್ಯಾಸ್ಕೆಟ್ ಬೆರಳಲ್ಲಿ ಒತ್ತಿದರೆ ಮತ್ತೆ ಏಳುತ್ತಿದ್ದರೆ ಬದಲಿಸುವುದೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒತ್ತಿದ ಗುಳಿ ಹಾಗೇ ಉಳಿದರೆ ಅದರ ಆಯಸ್ಸು ಮುಗಿದಿದೆ.

ಸೀಲೆಂಟ್ ಕಿತ್ತು ಬಂದರೆ

ಗೋಡೆಗೂ ಚೌಕಟ್ಟಿಗೂ ನಡುವಿನ ಸೀಲೆಂಟ್ ಬಿಟ್ಟುಕೊಂಡಿದ್ದರೆ ಅದರ ಮೇಲೆ ಇನ್ನೊಂದು ಪದರ ಬಳಿಯುವ ಮೊದಲು ಒಂದು ತುಂಡನ್ನು ಕಿತ್ತು ಬೆನ್ನು ನೋಡಿ. ಪಟ್ಟಿಯ ಹಾಗೆ ಇಡಿಯಾಗಿ ಬಂದು, ಬೆನ್ನಿಗೆ ಕಂದು ಪುಡಿ ಮೆತ್ತಿದ್ದರೆ ಅದು ಗೋಡೆಗೆ ಅಂಟಿರಲೇ ಇಲ್ಲ. ಧೂಳಿಗೆ ಅಂಟಿತ್ತು, ಧೂಳಿನ ಜೊತೆಗೇ ಬಂತು. ಎರಡು ಬದಿ ಗಟ್ಟಿಯಾಗಿ ಹಿಡಿದಿದ್ದು ನಡುವೆ ಹರಿದಿದ್ದರೆ ಅಂಟು ಸರಿ ಇತ್ತು, ಆದರೆ ಸಂದು ಹಿಗ್ಗಿ ಕುಗ್ಗುವಷ್ಟು ಅದಕ್ಕೆ ಜಾಗ ಇರಲಿಲ್ಲ. ಸಂದಿನ ತಳಕ್ಕೂ ಸೇರಿ ಮೂರು ಬದಿ ಅಂಟಿದ್ದರೆ ಹೀಗಾಗುತ್ತದೆ.

ಮೊದಲನೆಯದಕ್ಕೆ ಹಳೆಯದನ್ನೆಲ್ಲ ಕೆರೆದು, ಒಣ ಬ್ರಷ್‌ನಿಂದ ಗುಡಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಬಟ್ಟೆಯ ಮಡಿಕೆ ಬದಲಿಸುತ್ತ ಒರೆಸಿ, ಬಿಳಿ ಬಟ್ಟೆಗೆ ಬಣ್ಣ ಹತ್ತದ ತನಕ. ಎರಡನೆಯದಕ್ಕೆ ಸಂದಿನೊಳಗೆ ಮೊದಲು ಗುಂಡನೆಯ ಫೋಮ್ ಹಗ್ಗ ತುರುಕಿ, ಅದರ ಮೇಲೆ ಸೀಲೆಂಟ್. ಆಳ ಅಗಲದ ಅರ್ಧದಷ್ಟಿದ್ದರೆ ಚೆನ್ನಾಗಿ ಹಿಗ್ಗುತ್ತದೆ, ಆದರೂ 6 ಮಿ.ಮೀ.ಗಿಂತ ತೆಳು ಆಗಬಾರದು. ಬೆಳಗ್ಗೆ, ಗಾಳಿ ಏಳುವ ಮೊದಲೇ ಈ ಕೆಲಸ ಮುಗಿಸಿ. ಹಸಿ ಸೀಲೆಂಟ್ ಮೇಲೆ ಧೂಳು ಕೂತರೆ ಆ ಬಣ್ಣ ಇನ್ನು ಹೋಗುವುದಿಲ್ಲ. ಮೇಲೆ ಪೇಂಟ್ ಹೊಡೆಯುವ ಯೋಚನೆ ಇದ್ದರೆ ಸಿಲಿಕೋನ್ ಬೇಡ, ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ. ಪಾಲಿಯುರೆಥೇನ್ ಅಥವಾ ಪೇಂಟ್ ಹಿಡಿಯುವ ಹೈಬ್ರಿಡ್ ಸೀಲೆಂಟ್ ತನ್ನಿ.

ಬೀಗ, ಹಿಂಜ್

ಬೀಗ ಬಿಗಿ ಅಂದ ಕೂಡಲೇ ಬಾಗಿಲು ತೆರೆದಿಟ್ಟು ಬೀಗ ಹಾಕಿ ನೋಡಿ. ತೆರೆದಾಗ ಸಲೀಸು, ಮುಚ್ಚಿದಾಗ ಬಿಗಿ ಅಂದರೆ ಬೀಗ ಸರಿ ಇದೆ, ಸಾಲು ತಪ್ಪಿದೆ. ಮೇಲೆ ಹೇಳಿದ ಬಾಗು, ಜೋತುಗಳ ಕಡೆ ಹೋಗಿ. ತೆರೆದಾಗಲೂ ಬಿಗಿ ಅಂದರೆ ಮಾತ್ರ ಬೀಗದೊಳಗೆ ಧೂಳು.

ಅಲ್ಲಿ ಎಣ್ಣೆ ಬಿಡಬೇಡಿ. ಎಣ್ಣೆ ಒಂದು ವಾರ ಹಾಯೆನಿಸುತ್ತದೆ, ಆಮೇಲೆ ಧೂಳು ಸೇರಿ ಕಪ್ಪು ಅಂಟಾಗುತ್ತದೆ. ಗಾಳಿ ಊದಿ ಧೂಳು ತೆಗೆದು ಗ್ರಾಫೈಟ್ ಪುಡಿ ಅಥವಾ ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಹಾಕಿ, ಎರಡರಲ್ಲಿ ಒಂದು ಮಾತ್ರ. ಈಗಾಗಲೇ ಎಣ್ಣೆ ಬಿಟ್ಟಿದ್ದರೆ ಅದನ್ನು ತೊಳೆದು ಒಣಗಿಸದೆ ಗ್ರಾಫೈಟ್ ಹಾಕಿದರೆ ಕೆಸರು. ಹಿಂಜ್ ಪಿನ್‌ಗೂ ಇದೇ ನಿಯಮ. ಡೆಡ್‌ಬೋಲ್ಟ್ (ಕೀಲಿ ತಿರುಗಿಸಿದಾಗ ಹೊರಬರುವ ಗಟ್ಟಿ ಕಂಬಿ) ಪೂರ್ತಿ ಹೊರಗೆ ಬರದಿದ್ದರೆ ಚೌಕಟ್ಟಿನ ತೂತಿನೊಳಗೆ ಪೆನ್ ತೂರಿಸಿ ಆಳ ನೋಡಿ. 25 ಮಿ.ಮೀ. ಬೇಕು. ಅಲ್ಲಿ ಗಾರೆ ಚೂರು, ಧೂಳು ತುಂಬಿ ಅರ್ಧವಾಗಿರುತ್ತದೆ.

ಬಣ್ಣ, ಮೇಲ್ಮೈ, ಗಾಜು

ಕಪ್ಪು ಬಟ್ಟೆಯಲ್ಲಿ ಬಾಗಿಲನ್ನು ಒತ್ತಿ ಒರೆಸಿ. ಬರೀ ಕಂದು ಧೂಳು ಬಂದರೆ ಸೋಪು ನೀರು ಸಾಕು. ತೊಳೆದು ಒಣಗಿದ ಮೇಲೂ ಬಿಳಿ ಪುಡಿ ಬರುತ್ತಿದ್ದರೆ ಬಿಸಿಲಿಗೆ ಪೇಂಟ್ ಪದರ ಸವೆಯುತ್ತಿದೆ. ಇನ್ನೂ ಬಿಟ್ಟರೆ ಗಾಜಿನ ಎಳೆಗಳು ಮೇಲೆದ್ದು ಕೈಗೆ ಚುಚ್ಚುತ್ತವೆ. ಆ ಹಂತಕ್ಕೆ ಮೊದಲೇ ತೆಳುವಾಗಿ ಉಜ್ಜಿ ಹೊರಾಂಗಣದ ಅಕ್ರಿಲಿಕ್ ಪೇಂಟ್ ಹೊಡೆಯಿರಿ. ಉಜ್ಜುವಾಗ ಮಾಸ್ಕ್ ಮತ್ತು ಕನ್ನಡಕ ಇರಲಿ. ಮರದ ಬಣ್ಣದ ಸ್ಟೇನ್ ಇದ್ದರೆ ಅದನ್ನು ಕಾಯುವುದು ಮೇಲಿನ ಕ್ಲಿಯರ್ ಕೋಟ್, ಹೊಳಪು ಸತ್ತ ಕೂಡಲೇ ಅದೊಂದನ್ನು ಮತ್ತೆ ಹೊಡೆದರೆ ಸ್ಟೇನ್ ಉಳಿಯುತ್ತದೆ. ಒಣ ಬಟ್ಟೆಯಲ್ಲಿ ದಿನಾ ಧೂಳು ಉಜ್ಜುವ ಅಭ್ಯಾಸ ಈ ಕೋಟನ್ನು ಬಿಸಿಲಿಗಿಂತ ಬೇಗ ತಿನ್ನುತ್ತದೆ. ಮೊದಲು ಬ್ರಷ್, ಆಮೇಲೆ ಒದ್ದೆ ಬಟ್ಟೆ.

ಪೇಂಟ್‌ನಲ್ಲಿ ಗುಳ್ಳೆ ಎದ್ದಿದ್ದರೆ ಒಂದನ್ನು ಬ್ಲೇಡಿನಿಂದ ಬಿಡಿಸಿ ನೋಡಿ. ಅಡಿಯಲ್ಲಿ ನುಣುಪಾದ, ಹೊಳೆಯುವ ಫೈಬರ್‌ಗ್ಲಾಸ್ ಇದ್ದರೆ ಪೇಂಟ್ ಮಾಡುವ ಮೊದಲು ಸ್ವಚ್ಛ ಮಾಡಿಲ್ಲ, ಉಜ್ಜಿಲ್ಲ. ಅಥವಾ ಬಿಸಿ ಮೈ ಮೇಲೆ ಹೊಡೆದಿದ್ದಾರೆ. ಮೈ 32 ಡಿಗ್ರಿ ದಾಟಿದ್ದರೆ ಪೇಂಟ್ ಬ್ರಷ್ ಅಡಿಯಲ್ಲೇ ಒಣಗುತ್ತದೆ. ಕದದ ಮೇಲಂಚು, ಕೆಳಂಚನ್ನೂ ಬೆರಳಾಡಿಸಿ ನೋಡಿ. ಯಾರಿಗೂ ಕಾಣದ ಜಾಗ ಅಂತ ಅಲ್ಲಿ ಪೇಂಟ್ ಹೊಡೆದಿರುವುದಿಲ್ಲ. ಅಂಚು ಮರದ್ದಾದರೆ ತೇವ ಒಳಹೋಗುವುದು ಅಲ್ಲಿಂದಲೇ.

ಬಾಗಿಲಲ್ಲಿ ಗಾಜು ಇದ್ದು ಎರಡು ಪದರದ ನಡುವೆ ಮಂಜು ಕಟ್ಟಿದ್ದರೆ ಗಾಜಿನ ಸೀಲ್ ಹೋಗಿದೆ. ಒರೆಸಿ ಪ್ರಯೋಜನ ಇಲ್ಲ, ಗಾಜಿನ ಯೂನಿಟ್ ಬದಲಿಸಬೇಕು. ಗಾಜಿನ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿ ಅಲೆಅಲೆಯಾಗಿದ್ದರೆ ಕಡು ಬಣ್ಣ ಹೊಡೆದು ಕಾಯಿಸಿದ್ದೇ ಕಾರಣ.

ಕದವೇ ಕೆಟ್ಟಿದ್ದರೆ

ಕೊನೆಗೆ ಉಳಿಯುವುದು ಇದು. ಬೆರಳ ಗೆಣ್ಣಿನಿಂದ ಕದದ ಮೇಲೆಲ್ಲ ತಟ್ಟುತ್ತ ಬನ್ನಿ. ಎಲ್ಲ ಕಡೆ ಮಂದವಾದ ಗಟ್ಟಿ ಸದ್ದು ಬಂದು, ಒಂದು ಕಡೆ ಮಾತ್ರ ಟೊಳ್ಳು ಸದ್ದು ಬಂದರೆ ಅಲ್ಲಿ ಹಾಳೆ ಫೋಮ್ ಬಿಟ್ಟಿದೆ. ಬಿಸಿಲಲ್ಲಿ ಆ ಜಾಗ ಉಬ್ಬುತ್ತದೆ, ಅಂಗೈ ಸವರಿದರೆ ತಿಳಿಯುತ್ತದೆ. ಸೂಜಿ ಚುಚ್ಚಿ ಅಂಟು ತುಂಬುವ ಉಪಾಯ ಹೇಳುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಒಳಗಿನ ಫೋಮ್ ಮುಖ ಪುಡಿಯಾಗಿದ್ದರೆ ಅಂಟು ಹಿಡಿಯುವುದಾದರೂ ಏನನ್ನು? ಜೊತೆಗೆ ಆ ತೂತು ವಾರಂಟಿ ತಿರಸ್ಕರಿಸಲು ಒಳ್ಳೆಯ ನೆಪ.

ಟೊಳ್ಳು ಸದ್ದು, ರಾತ್ರಿಯೂ ಉಳಿಯುವ 6 ಮಿ.ಮೀ. ಮೀರಿದ ಬಾಗು, ಹಾಳೆಯಲ್ಲಿ ಬಿರುಕು, ಈ ಮೂರರಲ್ಲಿ ಯಾವುದಿದ್ದರೂ ರಿಪೇರಿಗೆ ಕೈ ಹಾಕಬೇಡಿ. ದಾರ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಚೌಕಟ್ಟಿನ ಎರಡು ದಾರದ ಪರೀಕ್ಷೆಯ ಫೋಟೋವನ್ನೂ ಸೇರಿಸಿ. ಫಿಟ್ಟಿಂಗ್ ತಪ್ಪು ಅಂತ ಮಾರಿದವರು ಹೇಳುವ ಮೊದಲ ಮಾತಿಗೆ ಅದೇ ಉತ್ತರ. ಮಾದರಿ ಸಂಖ್ಯೆಯ ಚೀಟಿ ಕದದ ಮೇಲಂಚಿನಲ್ಲಿ ಅಥವಾ ಹಿಂಜ್ ಕಡೆಯ ಅಂಚಿನಲ್ಲಿ ಅಂಟಿಸಿರುತ್ತಾರೆ. ಪೇಂಟ್ ಹೊಡೆಯುವವರು ಅದನ್ನು ಕೆರೆದು ಹಾಕುವ ಮೊದಲೇ ಅದರದ್ದೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.